ಥ್ರೇಲ್ ಸುಮ್ಮನಾದ ಜಾಗ

ದಿವಾಕರನಿಗೆ ಇದ್ದ ಹುಚ್ಚು ಒಂದೇ. ಸಿಗರೇಟು ಸೇದುತ್ತಿರಲಿಲ್ಲ, ಇಸ್ಪೀಟು ಮುಟ್ಟುತ್ತಿರಲಿಲ್ಲ, ಶೇರು ಪೇಟೆಯ ಮಾತು ಬಂದರೆ ಮೆಲ್ಲಗೆ ಎದ್ದು ಹೋಗುತ್ತಿದ್ದ. ಅಹಮದಾಬಾದಿನಲ್ಲಿ ಅರ್ಧ ಆಯುಷ್ಯ ಕಳೆದೂ ಒಂದು ಶೇರು ಕೊಳ್ಳದ ಮನುಷ್ಯ ಎಂದು ನೆರೆಹೊರೆಯವರು ಅವನನ್ನು ಒಂದಿಷ್ಟು ಕನಿಕರದಿಂದಲೇ ನೋಡುತ್ತಿದ್ದರು. ಅವನಿಗೆ ಬೇಕಾಗಿದ್ದದ್ದು ಎಲೆಕ್ಟ್ರಿಕ್ ಗಿಟಾರಿನ ಸಂಗೀತ. ನುಡಿಸಲು ಬರುತ್ತಿರಲಿಲ್ಲ, ಕಲಿಯುವ ಆಸೆಯೂ ಇರಲಿಲ್ಲ. ಕೇಳಬೇಕು, ಕೇಳಿದ್ದರ ಬಗ್ಗೆ ಹೊಟ್ಟೆತುಂಬ ವಾದ ಮಾಡಬೇಕು, ಅಷ್ಟೇ.

ಈ ಹುಚ್ಚು ಹತ್ತಿದ್ದು ಬೆಂಗಳೂರಿನಲ್ಲಿ, ಪಾಲಿಟೆಕ್ನಿಕ್ ಓದುತ್ತಿದ್ದ ಕಾಲದಲ್ಲಿ. ಕಂಟೋನ್ಮೆಂಟ್ ಕಡೆಯ ಸಹಪಾಠಿಯೊಬ್ಬನ ಮನೆಯಲ್ಲಿ 'ಕಾಪರ್ ಹಾರ್ವೆಸ್ಟ್' ಎಂಬ ಇಂಗ್ಲಿಷ್ ರಾಕ್ ತಂಡದ ರೆಕಾರ್ಡು ಕೇಳಿದ. ಆ ತಂಡದಲ್ಲಿ ಗಿಟಾರು ನುಡಿಸುತ್ತಿದ್ದವನು ಕಾಲಿನ್ ಥ್ರೇಲ್. ಆವತ್ತು ದಿವಾಕರ ಮನೆಗೆ ಬಸ್ಸು ಹತ್ತಲಿಲ್ಲ, ಮಾಗಡಿ ರಸ್ತೆಯವರೆಗೂ ನಡೆದೇ ಬಂದ. ಬಸ್ಸಿನ ಗದ್ದಲದಲ್ಲಿ ಆ ಸ್ವರಗಳು ತಲೆಯಿಂದ ತುಳುಕಿ ಚೆಲ್ಲಿಹೋದಾವು ಎಂಬ ಭಯ ಅವನಿಗೆ.

ಡಿಪ್ಲೊಮಾ ಮುಗಿಸಿ ಅಹಮದಾಬಾದಿಗೆ ಬಂದು, ಊರಂಚಿನ ವಟ್ವಾದ ಒಂದು ಬಣ್ಣದ ಕಾರ್ಖಾನೆ ಸೇರಿದ. ಬಾಯ್ಲರು, ಕಂಪ್ರೆಸರುಗಳ ಉಸ್ತುವಾರಿ ಅವನದು. ತುಮಕೂರಿನ ಪಾರ್ವತಿಯನ್ನು ಮದುವೆಯಾದ. ಸಿಂಚನಾ ಹುಟ್ಟಿದಳು. ವಸ್ತ್ರಾಪುರದಲ್ಲಿ ಒಂದು ಫ್ಲಾಟು ಮಾಡಿದರು. ಮನೆಗೆ ಸೋಫಾ ಬರುವುದಕ್ಕಿಂತ ಮೊದಲು ಒಳ್ಳೆಯ ಸ್ಪೀಕರು ಬಂತು. ಪಾರ್ವತಿಗೆ ಆ ಸಂಗೀತ ಒಂದು ಚೂರೂ ಹಿಡಿಸುತ್ತಿರಲಿಲ್ಲ. ಆದರೆ ಅದು ಮನೆಯಲ್ಲಿ ಮೊಳಗುವಾಗ ಗಂಡನ ಮುಖದ ಮೇಲೆ ಬರುವ ಕಳೆ ಅವಳಿಗೆ ಬಹಳ ಹಿಡಿಸುತ್ತಿತ್ತು. ಹಾಗಾಗಿ ಯಾವತ್ತೂ ಕಡಿಮೆ ಮಾಡಿ ಎಂದವಳಲ್ಲ.

ವಾದಕ್ಕೆ ಜೊತೆಗಾರರು ಇಬ್ಬರಿದ್ದರು. ಒಬ್ಬ ಹರಿಪ್ರಸಾದ, ಮೈಸೂರಿನವನು. ಬಾಹ್ಯಾಕಾಶದ ಕೇಂದ್ರವೊಂದರಲ್ಲಿ ವಿಜ್ಞಾನಿ. ಉಪಗ್ರಹದಿಂದ ಬರುವ ಸಂಕೇತಗಳಲ್ಲಿ ಕಸ ಯಾವುದು ಕಾಳು ಯಾವುದು ಎಂದು ಬೇರ್ಪಡಿಸುವುದು ತನ್ನ ಕೆಲಸ ಎಂದು ಹೇಳಿಕೊಳ್ಳುತ್ತಿದ್ದ. ಮತ್ತೊಬ್ಬ ಕೇತನ್‌ಭಾಯ್, ನವರಂಗಪುರದಲ್ಲಿ ಕ್ಯಾಸೆಟ್ಟು, ಸೀಡಿ ಅಂಗಡಿ ಇಟ್ಟವನು. ಅಂಗಡಿ ನಡೆಯುತ್ತಿದ್ದದ್ದು ಸಿನಿಮಾ ಹಾಡುಗಳಿಂದ, ನವರಾತ್ರಿ ಬಂದರೆ ಗರ್ಬಾದಿಂದ. ಆದರೂ ಹಿಂದಿನ ಗೋಡೆಗೆ ರಾಕ್ ಸಂಗೀತದ ಒಂದು ಕಪಾಟನ್ನು ಮಾತ್ರ ಯಾರೇನೇ ಅಂದರೂ ತೆಗೆದಿರಲಿಲ್ಲ. ಭಾನುವಾರ ಬೆಳಿಗ್ಗೆ ಶಟರು ಅರ್ಧ ಇಳಿಸಿ ಮೂವರೂ ಅಲ್ಲಿ ಕೂರುತ್ತಿದ್ದರು. ಕೇತನ್‌ಭಾಯ್ ಜೊತೆ ಹಿಂದಿ, ತಮ್ಮೊಳಗೆ ಕನ್ನಡ, ಬಯ್ಯುವುದಕ್ಕೆ ಗುಜರಾತಿ.

ಎರಡು ಸಾವಿರದ ಮೂರರ ಚಳಿಗಾಲದಲ್ಲಿ ಸುದ್ದಿ ಬಂತು. ತಂಡ ಬಿಟ್ಟು ಯಾವುದೋ ದ್ವೀಪದಲ್ಲಿ ಕುರಿ ಸಾಕಿಕೊಂಡಿದ್ದ ಥ್ರೇಲ್ ತನ್ನದೇ ಹೆಸರಿನಲ್ಲಿ ಒಂದು ಆಲ್ಬಮ್ ಮಾಡಿದ್ದಾನೆ. ಹೆಸರು 'ವಿಂಟರ್ ಕಿಚನ್'. ಕೇತನ್‌ಭಾಯ್ ಮುಂಬೈಯಿಂದ ಮೂರು ಪ್ರತಿ ತರಿಸಿ ಒಬ್ಬೊಬ್ಬರಿಗೆ ಒಂದೊಂದು ಕೊಟ್ಟ. ಮುಂದಿನ ಭಾನುವಾರದವರೆಗೆ ಇದರ ಬಗ್ಗೆ ಯಾರೂ ಬಾಯಿ ಬಿಡಕೂಡದು, ಫೋನು ಕೂಡ ಮಾಡಕೂಡದು ಎಂದು ಕರಾರಾಯಿತು. ಆ ವಾರವೆಲ್ಲ ದಿವಾಕರ ಕಾರ್ಖಾನೆಯಿಂದ ಬಂದು ಕೈಕಾಲು ತೊಳೆದವನೇ ಸ್ಪೀಕರಿನ ಮುಂದೆ ಕೂರುತ್ತಿದ್ದ. ಏನು ಹೇಳಬೇಕೆಂಬುದನ್ನು ಸ್ಕೂಟರಿನ ಮೇಲೆ ಹೋಗುವಾಗ ಬಾಯಲ್ಲಿ ಹೊರಳಿಸಿ ಹೊರಳಿಸಿ ತಿದ್ದಿಕೊಳ್ಳುತ್ತಿದ್ದ.

ಭಾನುವಾರ ಬಂತು. ಕೇತನ್‌ಭಾಯ್ ಮೊದಲಿಗೇ ಸಿಡಿದ. ತನಗೆ ಮೋಸವಾಗಿದೆ ಎಂದ. ಸಿಡಿಲಿನಂಥ ಮನುಷ್ಯ ಈಗ ಮಕ್ಕಳಿಗೆ ಜೋಗುಳ ಹಾಡಲು ಕೂತಿದ್ದಾನೆ, ಒಂದು ಹಾಡಿಲ್ಲ, ಒಂದು ಕೂಗಿಲ್ಲ, ಇದನ್ನು ಕೊಳ್ಳುವ ಗಿರಾಕಿ ಇಡೀ ಗುಜರಾತಿನಲ್ಲಿ ನಾವು ಮೂವರೇ ಎಂದು ಹಣೆ ಬಡಿದುಕೊಂಡ. ಹರಿಪ್ರಸಾದ ಬಿಡಲಿಲ್ಲ. ವಯಸ್ಸಾದ ಮೇಲೂ ಬೆರಳಿನ ವೇಗ ತೋರಿಸುವುದು ಕೂದಲಿಗೆ ಕಪ್ಪು ಹಚ್ಚಿಕೊಂಡ ಹಾಗೆ, ಆದರೆ ಥ್ರೇಲ್ ತನ್ನ ವಯಸ್ಸನ್ನು ಒಪ್ಪಿಕೊಂಡಿದ್ದಾನೆ, ಒಂದೊಂದು ಸ್ವರವನ್ನೂ ತೂಗಿ ಇಟ್ಟಿದ್ದಾನೆ ಎಂದು ವಾದಿಸಿದ. ಕೇತನ್‌ಭಾಯ್ ತಟ್ಟನೆ ತನ್ನ ತಲೆಯ ಕಪ್ಪು ಕೂದಲು ಮುಟ್ಟಿಕೊಂಡು, ಇದು ನನಗೆ ಹೇಳಿದ್ದೋ ಎಂದು ಕೇಳಿದ. ಮೂವರೂ ನಕ್ಕರು.

ದಿವಾಕರ ತನ್ನ ಸರದಿಗೆ ಕಾದಿದ್ದ. ನಗು ನಿಂತ ಮೇಲೆ ಕುರ್ಚಿ ಮುಂದಕ್ಕೆಳೆದುಕೊಂಡ.

"ನೀವಿಬ್ರೂ ಆಲ್ಬಮ್ಮಿನ ಪ್ರಾಣಾನೇ ಬಿಟ್ಟು ಮಾತಾಡ್ತಿದೀರ," ಅಂದ. "ಕೊನೇ ಟ್ರ್ಯಾಕಿನ ಕೊನೆ ನೋಡಿ. ಬಾಸು, ಡ್ರಮ್ಮು ನಡೀತಾನೇ ಇದೆ, ಇವನು ಗಿಟಾರು ಕೆಳಗಿಟ್ಟುಬಿಟ್ಟಿದಾನೆ. ಒಂದು ಸ್ವರ ಇಲ್ಲ. ಜೀವಮಾನವೆಲ್ಲ ಎಲ್ಲರಿಗಿಂತ ಮುಂದೆ ನಿಂತವನು, ತನ್ನದೇ ಆಲ್ಬಮ್ಮಲ್ಲಿ, ಕೊನೇಲಿ ಜೊತೆಯವರಿಗೆ ಜಾಗ ಬಿಟ್ಟು ಬಾಗಿಲ ಹತ್ರ ನಿಂತುಕೊಂಡಿದಾನೆ. ನಂಗೆ ಕಣ್ಣಲ್ಲಿ ನೀರು ಬಂತು. ಇಷ್ಟು ದೊಡ್ಡತನ ಯಾರಿಗಿದೆ ಹೇಳಿ."

ಅದನ್ನೇ ಕೇತನ್‌ಭಾಯ್‌ಗೆ ಹಿಂದಿಯಲ್ಲೂ ಹೇಳಿದ. ದಿವಾಕರ ಅಷ್ಟು ಚೆನ್ನಾಗಿ ಮಾತಾಡಿದ್ದು ಹಿಂದೆಂದೂ ಇರಲಿಲ್ಲ. ಆದರೆ ಎದುರಿಗಿದ್ದ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹರಿಪ್ರಸಾದ ಇದೇನೋ ತಮಾಷೆ ಎಂದುಕೊಂಡು ನಕ್ಕುಬಿಟ್ಟ.

"ಎಲ್ಲಯ್ಯ ಸುಮ್ಮನಾಗ್ತಾನೆ? ಅವನು ನಿಜವಾಗಿ ನುಡಿಸೋದೇ ಅಲ್ಲಿ. ತಂತಿ ತುದೀಲಿ ಬೆರಳು ತಾಗಿಸಿ ತಾಗಿಸಿ, ಎಷ್ಟು ಮೇಲಕ್ಕೆ ಹೋಗ್ತಾನೆ!"

ದಿವಾಕರ ಒಪ್ಪಲಿಲ್ಲ. ಕೇತನ್‌ಭಾಯ್ ಸೀಡಿ ಹಾಕಿದ. ಆ ಜಾಗ ಬಂತು. ದಿವಾಕರ ಎದ್ದು ಹೋಗಿ ಎರಡು ಸ್ಪೀಕರುಗಳ ನಡುವೆ ನಿಂತ. ಬಾಸು ಗಿಟಾರಿನ ದಪ್ಪ ದನಿ ಮೆಲ್ಲಗೆ ಹೆಜ್ಜೆ ಹಾಕುತ್ತಿತ್ತು, ಡ್ರಮ್ಮು ಅದರ ಬೆನ್ನು ಸವರುತ್ತಿತ್ತು. ಮೇಲೆ ಏನೂ ಇರಲಿಲ್ಲ. ತಿರುಗಿ ನೋಡಿದರೆ ಹರಿಪ್ರಸಾದನ ತೋರುಬೆರಳು ಗಾಳಿಯಲ್ಲಿ ಏನನ್ನೋ ಬರೆಯುತ್ತ ಮೇಲಕ್ಕೇರುತ್ತಿತ್ತು. ಆಲ್ಬಮನ್ನು ಬಯ್ಯುತ್ತಿದ್ದ ಕೇತನ್‌ಭಾಯ್ ಕೂಡ ಕಣ್ಣು ಮುಚ್ಚಿಕೊಂಡಿದ್ದ.

ಇಬ್ಬರೂ ಸೇರಿ ತನ್ನನ್ನು ಆಡಿಸುತ್ತಿದ್ದಾರೆ ಎಂದು ದಿವಾಕರನಿಗೆ ರೇಗಿತು. ಹಾಗೆಂದು ಬಾಯಿಬಿಟ್ಟೂ ಹೇಳಿದ. ಮಾತಿಗೆ ಮಾತು ಬೆಳೆಯಿತು. ಕೊನೆಗೆ ಹರಿಪ್ರಸಾದನೂ ತಾಳ್ಮೆ ಕಳೆದುಕೊಂಡು, "ಹೋಗಯ್ಯ, ಕಿವುಡನ ಜೊತೆ ಏನು ಸಂಗೀತದ ಮಾತು," ಎಂದ. ದಿವಾಕರ ತನ್ನ ಸೀಡಿ ಎತ್ತಿಕೊಂಡು ಶಟರಿನ ಕೆಳಗೆ ಬಗ್ಗಿ ಹೊರಗೆ ಹೋದ.

ಮನೆಗೆ ಬಂದಾಗ ಪಾರ್ವತಿ ಹಾಲಿನಲ್ಲಿ ಕೂತು ಹಸಿ ತೊಗರಿಕಾಯಿ ಬಿಡಿಸುತ್ತಿದ್ದಳು. ಗಂಡ ಇಷ್ಟು ಬೇಗ ಬಂದದ್ದು ನೋಡಿ ಏನೋ ಆಗಿದೆ ಎಂದು ತಿಳಿಯಿತು, ಕೇಳಲಿಲ್ಲ. ಅವನು ಚಪ್ಪಲಿಯನ್ನೂ ಬಿಡದೆ ಸೀಡಿ ಹಾಕಿ, ನೇರ ಆ ಜಾಗಕ್ಕೆ ಓಡಿಸಿ, ಹೆಂಡತಿಯ ಕಡೆ ತಿರುಗಿದ.

"ಪಾರ್ವತಿ, ಇಲ್ಲಿ ಡ್ರಮ್ಮು, ಆ ದಪ್ಪ ಸದ್ದು ಬಿಟ್ಟು ಬೇರೆ ಏನಾದ್ರೂ ಕೇಳಿಸ್ತಾ ಇದೆಯಾ?"

ಅವಳು ತೊಗರಿಕಾಯಿ ಹಿಡಿದ ಕೈ ನಿಲ್ಲಿಸಿ ಒಂದು ಗಳಿಗೆ ಕಿವಿಗೊಟ್ಟಳು.

"ಕೇಳಿಸ್ತಿದೆಯಲ್ಲ. ಗಾಜಿನ ಲೋಟಕ್ಕೆ ಚಮಚ ತಾಗಿಸಿದ ಹಾಗೆ, ಸಣ್ಣಗೆ. ಚೆನ್ನಾಗಿದೆ," ಅಂದಳು. ಹೇಳಿಯಾದ ಮೇಲೆ ಗಂಡನ ಮುಖ ನೋಡಿದಳು. ಅವಳ ಕೈಯಿಂದ ಕಾಯಿ ಜಾರಿತು.

ದಿವಾಕರ ಮೆಲ್ಲಗೆ ನೆಲದ ಮೇಲೆ, ಅವಳ ಪಕ್ಕದಲ್ಲಿ ಕೂತ. ಹಾಡು ತನ್ನಷ್ಟಕ್ಕೆ ಮುಗಿದು ನಿಂತಿತು. ಅವನು, ನಿನಗೆ ಮೊದಲೇ ಗೊತ್ತಿತ್ತಾ ಎಂದು ಕೇಳಿದ. ಅವಳು ಹೌದೆಂದು ತಲೆಯಾಡಿಸಿದಳು.

ಗೊತ್ತಾಗಿ ಎರಡು ವರ್ಷವಾಗಿತ್ತು. ಮೊದಲಿಗೆ ಕುಕ್ಕರಿನ ಸೀಟಿಯಿಂದ ಅನುಮಾನ ಬಂತು. ಸ್ನಾನಕ್ಕೆ ಹೋಗುವಾಗ ಮೂರು ಸೀಟಿ ಆದ ಮೇಲೆ ಆರಿಸಿ ಎಂದು ಹೇಳಿ ಹೋದರೆ, ಅವನು ಅಲ್ಲೇ ಪೇಪರು ಓದುತ್ತ ಕೂತಿರುತ್ತಿದ್ದ, ಬೇಳೆ ತಳ ಹಿಡಿದಿರುತ್ತಿತ್ತು. ಆಮೇಲೆ ಅವಳು ಹೇಳುವುದನ್ನೇ ಬಿಟ್ಟಳು. ಬೆನ್ನ ಹಿಂದಿನಿಂದ ಮಾತಾಡಿಸುವುದನ್ನು ಬಿಟ್ಟಳು. ಎದುರಿಗೆ ಬಂದು, ಮುಖ ತೋರಿಸಿ, ದನಿ ಎತ್ತಿ ಮಾತಾಡುವುದನ್ನು ರೂಢಿ ಮಾಡಿಕೊಂಡಳು. ಮದುವೆಯಾಗಿ ಬಂದಾಗ ಪಕ್ಕದಲ್ಲಿದ್ದವರಿಗೂ ಕೇಳದ ಹಾಗೆ ಮಾತಾಡುತ್ತಿದ್ದ ಹೆಂಗಸು. ಈಗ ಎದುರು ಮನೆಯ ಮುದುಕಿ ಒಂದು ದಿನ ಅವಳನ್ನು ಮೆಟ್ಟಿಲ ಹತ್ತಿರ ನಿಲ್ಲಿಸಿ, ಗಂಡನ ಜೊತೆ ದಿನಾ ಯಾಕೆ ಜಗಳ ಆಡುತ್ತೀ ಎಂದು ಬುದ್ಧಿ ಹೇಳಿದ್ದಳು. ಅದಕ್ಕೂ ಪಾರ್ವತಿ ನಕ್ಕು ಸುಮ್ಮನಾಗಿದ್ದಳು.

"ಹೇಳಬಹುದಿತ್ತಲ್ಲ," ಅಂದ ದಿವಾಕರ.

"ಹೇಳೋಕೆ ಬಾಯಿ ಬರಲಿಲ್ಲ ರೀ. ಹೇಳಿದ್ರೆ ನೀವು ಇದರ ಮುಂದೆ ಕೂರೋದು ಬಿಟ್ಟುಬಿಡ್ತೀರೇನೋ ಅನ್ನಿಸ್ತು. ಕೂತಾಗ ಎಷ್ಟು ಖುಷಿಯಾಗಿರ್ತೀರಿ."

ದಿವಾಕರನಿಗೆ ತನ್ನ ಅಪ್ಪ ನೆನಪಾದರು. ಬೆಂಗಳೂರಿನ ಬಟ್ಟೆ ಮಿಲ್ಲಿನಲ್ಲಿ ಮಗ್ಗದ ಮುಂದೆ ನಿಂತು ನಿಂತು ಅವರ ಕಿವಿ ಹೋಗಿತ್ತು. ಮನೆಗೆ ಬಂದ ಸ್ನೇಹಿತರ ಎದುರಿಗೆ ಅಪ್ಪ ಎಲ್ಲದಕ್ಕೂ ಸುಮ್ಮನೆ ನಗುತ್ತ ತಲೆಯಾಡಿಸಿದರೆ ಕಾಲೇಜು ಹುಡುಗನಾಗಿದ್ದ ಅವನಿಗೆ ಅವಮಾನವಾಗುತ್ತಿತ್ತು. ಈಗ ಯೋಚಿಸಿದರೆ, ಹಾಗೆ ತಲೆಯಾಡಿಸುವುದನ್ನು ತಾನೂ ಯಾವಾಗಲೋ ಕಲಿತುಬಿಟ್ಟಿದ್ದ. ಅದರಲ್ಲೂ ವಡೋದರಾದಲ್ಲಿ ಓದುತ್ತಿದ್ದ ಸಿಂಚನಾ ಫೋನು ಮಾಡಿದಾಗ. ಮಗಳ ದನಿ ಸಣ್ಣದು, ಮಾತು ಚುರುಕು, ಅರ್ಧ ಕನ್ನಡ ಅರ್ಧ ಹಿಂದಿ. ಮೊದಲ ಎರಡು ಮಾತು ಹಿಡಿದು, ಮೂರನೆಯದು ಜಾರಿ, ಅವನು "ಇರು, ಅಮ್ಮಂಗೆ ಕೊಡ್ತೀನಿ" ಎಂದು ರಿಸೀವರನ್ನು ದಾಟಿಸಿಬಿಡುತ್ತಿದ್ದ. ಫೋನಿನ ಲೈನೇ ಸರಿಯಿಲ್ಲ ಎಂದು ಅವನು ನಿಜವಾಗಿಯೂ ನಂಬಿದ್ದ.

ಕಿವಿಯ ವೈದ್ಯರು ಗಾಜಿನ ಗೂಡಿನಲ್ಲಿ ಕೂರಿಸಿ ಪರೀಕ್ಷೆ ಮಾಡಿದರು. ಸದ್ದು ಕೇಳಿದಾಗ ಗುಂಡಿ ಒತ್ತಬೇಕು. ದಿವಾಕರ ಮೊದಮೊದಲು ಒತ್ತಿದ, ಆಮೇಲೆ ಬಹಳ ಹೊತ್ತು ಸುಮ್ಮನೆ ಕಾದ. ವೈದ್ಯರು ತೋರಿಸಿದ ಗೆರೆ ಅರ್ಧದವರೆಗೆ ನೆಟ್ಟಗೆ ಬಂದು ಅಲ್ಲಿಂದ ಬಾವಿಗೆ ಬಿದ್ದ ಹಾಗೆ ಇಳಿದಿತ್ತು. ಇಷ್ಟು ವರ್ಷ ಕಂಪ್ರೆಸರುಗಳ ನಡುವೆ ಇದ್ದವರಿಗೆ ಇದು ಹೊಸದಲ್ಲ, ಹೋದದ್ದು ಮರಳುವುದಿಲ್ಲ, ಯಂತ್ರ ಹಾಕಿಕೊಂಡರೆ ಮನುಷ್ಯರ ಮಾತು ಸ್ಪಷ್ಟವಾಗುತ್ತದೆ ಎಂದರು. ಸಂಗೀತ ಎಂದು ಕೇಳಿದ್ದಕ್ಕೆ ಅವರು ಸುಳ್ಳು ಹೇಳಲಿಲ್ಲ. ಕೇಳುತ್ತದೆ, ಆದರೆ ನಿಮಗೆ ಹಿಡಿಸಲಿಕ್ಕಿಲ್ಲ ಎಂದರು. ಹಾಗೆಯೇ ಆಯಿತು. ಯಂತ್ರ ಹಾಕಿಕೊಂಡು ಥ್ರೇಲನ ಹಳೆಯ ರೆಕಾರ್ಡು ಕೇಳಿದರೆ ತಗಡಿನ ಡಬ್ಬಿಯಲ್ಲಿ ಗೋಲಿ ಅಲ್ಲಾಡಿಸಿದ ಹಾಗಿತ್ತು. ತೆಗೆದಿಟ್ಟ. ಊಟಕ್ಕೆ ಕೂರುವಾಗ ಮತ್ತೆ ಹಾಕಿಕೊಂಡ. ಪಾರ್ವತಿ ಎಂದಿನಂತೆ ದನಿ ಎತ್ತಿ, ಸಾರು ಬಡಿಸಲಾ ಎಂದಳು. ಅವನು ಬೆಚ್ಚಿ ಕಿವಿ ಮುಚ್ಚಿಕೊಂಡ. ಇಬ್ಬರಿಗೂ ನಗು ತಡೆಯಲಾಗಲಿಲ್ಲ. ನಕ್ಕು ನಕ್ಕು ಅವಳ ಕಣ್ಣಲ್ಲಿ ನೀರು ಬಂತು, ಆಮೇಲೆ ಆ ನೀರು ನಗುವಿನದಾಗಿ ಉಳಿಯಲಿಲ್ಲ. ಅವನು ಎಡಗೈಯಿಂದ ಅವಳ ಬೆನ್ನು ಸವರಿದ.

ನವರಂಗಪುರದ ಕಡೆಗೆ ಮಾತ್ರ ಅವನು ತಲೆ ಹಾಕಲಿಲ್ಲ. ಸಿಟ್ಟು ಉಳಿದಿರಲಿಲ್ಲ, ನಾಚಿಕೆ ಇತ್ತು. ಇಲ್ಲದ ಮೌನವನ್ನು ಅಷ್ಟು ಹೊಗಳಿದ್ದೆನಲ್ಲ ಎಂದು ನೆನೆದಾಗಲೆಲ್ಲ ಒಬ್ಬನೇ ಇದ್ದರೂ ಮುಖ ಬಿಸಿಯಾಗುತ್ತಿತ್ತು. ಇತ್ತ ಹರಿಪ್ರಸಾದನೂ ಬಿಗುಮಾನದಲ್ಲಿದ್ದ. ಒಂದು ಸಂಜೆ ವಸ್ತ್ರಾಪುರದ ಕೆರೆಯ ಸುತ್ತ ನಡೆಯುತ್ತಿದ್ದಾಗ ಪಾರ್ವತಿ ಎದುರಾಗಿ, ಮುಚ್ಚುಮರೆಯಿಲ್ಲದೆ ವಿಷಯ ತಿಳಿಸಿದಳು. ಅವನು ಅಲ್ಲೇ ಕಟ್ಟೆಯ ಮೇಲೆ ಕೂತುಬಿಟ್ಟ. ಕಿವುಡ ಎಂದಿದ್ದು ಅವನಿಗೆ ನೆನಪಿತ್ತು. "ಅತ್ತಿಗೆ, ನಾನು ಎಂಥಾ ಮಾತು ಆಡಿಬಿಟ್ಟೆ," ಎಂದ.

ಉತ್ತರಾಯಣಕ್ಕೆ, ಅಂದರೆ ಸಂಕ್ರಾಂತಿಯ ಗಾಳಿಪಟದ ಹಬ್ಬಕ್ಕೆ, ಸಿಂಚನಾ ಮನೆಗೆ ಬಂದಳು. ಊರಿಗೆ ಊರೇ ಮಾಳಿಗೆ ಹತ್ತಿ ಗಾಳಿಪಟ ಹಾರಿಸುತ್ತಿದ್ದ ಆ ಬೆಳಿಗ್ಗೆ ದಿವಾಕರ ಮಗಳನ್ನು ನೀರಿನ ಟ್ಯಾಂಕಿನ ಮರೆಗೆ ಕರೆದು, ಕಿವಿಯ ಹಿಂದಿದ್ದ ಯಂತ್ರ ತೋರಿಸಿ ಎಲ್ಲ ಹೇಳಿದ. ಅವಳು ದಾರದ ಉಂಡೆ ಹಿಡಿದು ನಿಂತೇ ಇದ್ದಳು.

"ಅಪ್ಪಾ, ನಾನು ಏನ್ ಅಂದ್ಕೊಂಡಿದ್ದೆ ಗೊತ್ತಾ? ನನ್ನ ಜೊತೆ ಮಾತಾಡೋಕೆ ನಿಮ್ಗೆ ಇಂಟರೆಸ್ಟೇ ಇಲ್ಲ ಅಂತ. ಹಾಸ್ಟೆಲಲ್ಲಿ ಕೂತು ಎಷ್ಟ್ ಸಲ ಅತ್ತಿದೀನಿ."

"ಇಲ್ಲಮ್ಮ. ನೀನು ಹೇಳೋದು ಕೇಳಿಸ್ತಿರಲಿಲ್ಲ. ಕೇಳಿಸ್ತಿಲ್ಲ ಅಂತ ನಂಗೇ ಗೊತ್ತಿರಲಿಲ್ಲ."

ಅವಳು ತಂದೆಯ ಭುಜಕ್ಕೆ ಹಣೆ ಒತ್ತಿದಳು. ಸುತ್ತ ಮಾಳಿಗೆಗಳ ಮೇಲೆಲ್ಲ ಸ್ಪೀಕರು, ಕಹಳೆ, ಕೂಗು. ಅಷ್ಟರಲ್ಲಿ ಹರಿಪ್ರಸಾದ ಬಂದಿದ್ದಾನೆಂದು ಪಾರ್ವತಿ ಕೆಳಗಿನಿಂದ ಕರೆದಳು.

ಹರಿಪ್ರಸಾದ ಒಂದು ಕೈಯಲ್ಲಿ 'ಊಂಧಿಯೂ' ಎಂಬ ಹಬ್ಬದ ಪಲ್ಯದ ಡಬ್ಬಿ, ಇನ್ನೊಂದರಲ್ಲಿ ಒಂದು ಸೀಡಿ ಹಿಡಿದು ಬಾಗಿಲಲ್ಲಿ ನಿಂತಿದ್ದ. ಹಿಂದೆ ಕೇತನ್‌ಭಾಯ್ ಜಿಲೇಬಿಯೊಂದಿಗೆ. ಕ್ಷಮೆಯ ಮಾತು ಹರಿಪ್ರಸಾದನಿಗೆ ಬರಲಿಲ್ಲ. ಬದಲಿಗೆ ತಾನು ಏನು ಮಾಡಿದ್ದೇನೆಂದು ವಿವರಿಸತೊಡಗಿದ. ಆ ಕೊನೆಯ ಭಾಗವನ್ನು ತನ್ನ ಕಂಪ್ಯೂಟರಿಗೆ ಹಾಕಿಕೊಂಡು, ಬಾಸನ್ನೂ ಡ್ರಮ್ಮನ್ನೂ ಆದಷ್ಟು ಸೋಸಿ, ಉಳಿದ ಗಿಟಾರಿನ ಸ್ವರಗಳನ್ನು ಹಾಗೇ ಎತ್ತಿ ಎರಡು ಸ್ಥಾಯಿ ಕೆಳಗೆ ಇಳಿಸಿದ್ದ. ಸಂಕೇತಗಳ ಜೊತೆ ಬದುಕಿದವನಿಗೆ ಅದು ಕಷ್ಟವಲ್ಲ, ಆದರೆ ಸದ್ದು ಒಡೆಯದ ಹಾಗೆ ಇಳಿಸುವುದಕ್ಕೆ ಬಹಳ ಸಂಜೆಗಳು ಹಿಡಿದಿದ್ದವು. "ನಿನ್ನ ಕಿವಿ ಅಷ್ಟು ಮೇಲಕ್ಕೆ ಹೋಗೋಲ್ಲ ಅಂದ್ರೆ, ಅದನ್ನೇ ನಿನ್ನ ಹತ್ರ ಇಳಿಸೋಣ ಅಂತ," ಎಂದ, ಮುಖ ಬೇರೆ ಕಡೆ ಮಾಡಿ.

ಸಿಂಚನಾ ಕಿಟಕಿಗಳನ್ನೆಲ್ಲ ಮುಚ್ಚಿದಳು. ದಿವಾಕರ ಕಿವಿಯ ಯಂತ್ರ ತೆಗೆದು ಅಂಗೈಯಲ್ಲಿಟ್ಟುಕೊಂಡು ಕೂತ. ಸೀಡಿ ತಿರುಗಿತು.

ಮೊದಲು ಒಂದು ಸ್ವರ, ವೀಣೆಯ ಮಂದ್ರದ ತಂತಿಯ ಹಾಗೆ. ಅದರ ಮೇಲೆ ಇನ್ನೊಂದು. ಒಂದು ಇನ್ನೊಂದರ ಕೈಹಿಡಿದು ಮೇಲಕ್ಕೆಳೆದುಕೊಳ್ಳುವ ಹಾಗೆ, ಅವಸರವಿಲ್ಲದೆ ಏರುತ್ತ ಹೋದವು. ಅಂಚಿನಲ್ಲಿ ಸ್ವಲ್ಪ ಕರಕರ ಇತ್ತು, ಇಳಿಸಿದ ಕುರುಹು. ಆದರೂ ರಾಗ ಇಡಿಯಾಗಿ ಕೇಳಿತು. ದಿವಾಕರ ಕದಲಲಿಲ್ಲ. ಅವನ ತೋರುಬೆರಳು ತಾನಾಗಿ ಮಂಡಿಯ ಮೇಲೆ ಮೆಲ್ಲಗೆ ಏರತೊಡಗಿದ್ದನ್ನು ಪಾರ್ವತಿ ನೋಡಿದಳು. ಮುಗಿದ ಮೇಲೆ ಇನ್ನೊಮ್ಮೆ ಹಾಕು ಎಂದ. ಹಾಕಿದರು. ಮತ್ತೊಮ್ಮೆ ಎಂದ.

ಆಮೇಲೆ ಅವನು ಯಂತ್ರವನ್ನು ಕಿವಿಗೆ ಸಿಕ್ಕಿಸಿಕೊಂಡು ಸ್ನೇಹಿತನನ್ನು ನೋಡಿದ. ಹರಿಪ್ರಸಾದ ಪರೀಕ್ಷೆಯ ಫಲಿತಾಂಶಕ್ಕೆ ಕಾದವನ ಹಾಗೆ ನಿಂತಿದ್ದ.

"ಬಹಳ ಚೆನ್ನಾಗಿ ಇಳಿಸಿದೀಯ ಕಣೋ. ಒಂದೊಂದೂ ಕೇಳ್ತು," ಅಂದ ದಿವಾಕರ. "ಆದ್ರೆ ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡ. ಅವನು ಅಲ್ಲಿ ಇದನ್ನ ನುಡಿಸಬಾರದಿತ್ತು. ನಾನು ಕೇಳಿದ್ದೇ ಚೆನ್ನಾಗಿತ್ತು. ಸುಮ್ಮನಿರಬೇಕಿತ್ತು."

ಹರಿಪ್ರಸಾದನ ಮುಖ ಕೆಂಪಾಗಿ, ಅರಳಿ, ಅವನು ಕುರ್ಚಿಯನ್ನು ಸರ್ರನೆ ಎಳೆದು ಎದುರಿಗೆ ಕೂತ. ಇಷ್ಟು ಕಷ್ಟಪಟ್ಟು ಇಳಿಸಿ ತಂದರೆ ಹೀಗನ್ನುತ್ತೀಯಾ, ಆ ಏರಿಕೆ ಇಲ್ಲದಿದ್ದರೆ ಇಡೀ ಆಲ್ಬಮ್ಮಿಗೆ ಅರ್ಥವೇ ಇಲ್ಲ ಎಂದು ಶುರುಮಾಡಿದ. ಅಷ್ಟು ಹಿಗ್ಗಿನಿಂದ ಅವನು ಯಾರನ್ನೂ ಬೈದದ್ದಿಲ್ಲ. ದಿವಾಕರನೂ ಕುರ್ಚಿ ಮುಂದಕ್ಕೆಳೆದುಕೊಂಡ. ಕನ್ನಡದಲ್ಲಿ ಏನು ನಡೆಯುತ್ತಿದೆ ಎಂದು ಸಿಂಚನಾಳಿಂದ ಕೇಳಿ ತಿಳಿದುಕೊಂಡ ಕೇತನ್‌ಭಾಯ್, ದಿವಾಕರ್‌ಭಾಯ್ ಹೇಳುವುದೇ ಸರಿ, ಆ ಮನುಷ್ಯ ಸುಮ್ಮನಿದ್ದಿದ್ದರೆ ಇನ್ನೂ ಚೆನ್ನಾಗಿರುತ್ತಿತ್ತು, ಮೊದಲ ಟ್ರ್ಯಾಕಿನಿಂದಲೇ ಸುಮ್ಮನಿರಬೇಕಿತ್ತು ಎಂದು ಜಿಲೇಬಿ ಬಾಯಿಗಿಟ್ಟುಕೊಂಡ. ತಂದೆ ಇಷ್ಟು ಮಾತಾಡಬಲ್ಲ ಎಂದು ಸಿಂಚನಾಳಿಗೆ ಗೊತ್ತೇ ಇರಲಿಲ್ಲ. ಅವಳು ಮಾಳಿಗೆಯ ಮೇಲೆ ಬಿಟ್ಟುಬಂದ ಗಾಳಿಪಟವನ್ನು ಮರೆತು ಸೋಫಾದ ತುದಿಯಲ್ಲಿ ಕೂತುಬಿಟ್ಟಳು.

ಭಾನುವಾರದ ಕೂಟ ಮತ್ತೆ ನಡೆಯತೊಡಗಿತು. ದಿವಾಕರ ಈಗ ಗಿಟಾರಿಗಿಂತ ಬಾಸಿನ ಬಗ್ಗೆ ಹೆಚ್ಚು ಮಾತಾಡುತ್ತಿದ್ದ. ಜೀವಮಾನವೆಲ್ಲ ಅದನ್ನು ಕಡೆಗಣಿಸಿದ್ದೆ ಎಂದು ಕೇತನ್‌ಭಾಯಿಯ ಕಪಾಟಿನಿಂದ ಹಳೆಯದನ್ನೆಲ್ಲ ಮರಳಿ ಎರವಲು ತಂದು ಕೇಳುತ್ತಿದ್ದ. ಕಾರ್ಖಾನೆಯಲ್ಲಿ ಕಂಪ್ರೆಸರುಗಳ ಕೋಣೆಗೆ ಕಾಲಿಡುವವರೆಲ್ಲ ಕಿವಿಗೆ ಮುಚ್ಚಳ ಹಾಕಲೇಬೇಕೆಂದು ಹಟ ಹಿಡಿದು, ಹಾಕದವರನ್ನು ಬಾಗಿಲಿನಿಂದಲೇ ಹಿಂದಕ್ಕೆ ಕಳಿಸುತ್ತಿದ್ದ.

ವಡೋದರಾದಿಂದ ಫೋನು ಬಂದರೆ ಈಗ ಮೊದಲು ಎತ್ತುವವನು ಅವನೇ. ಸಿಂಚನಾ ತಂದೆಗೋಸ್ಕರ ದನಿಯನ್ನು ದಪ್ಪ ಮಾಡಿಕೊಂಡು, ಒಂದೊಂದೇ ಪದ ಬಿಡಿಸಿ ಮಾತಾಡುತ್ತಿದ್ದಳು. ಹಾಸ್ಟೆಲಿನ ಗೆಳತಿಯರು ಇದ್ಯಾರ ಜೊತೆ ಗಂಡಸಿನ ದನಿಯಲ್ಲಿ ಮಾತು ಎಂದು ನಗುತ್ತಿದ್ದರಂತೆ. ಹಾಗೆ ನಿಧಾನ ಮಾಡಬೇಕಾಗಿ ಬಂದದ್ದರಿಂದ ಅವಳ ಕನ್ನಡವೂ ಸುಧಾರಿಸಿತು. ಪಾರ್ವತಿ ಅಡುಗೆಮನೆಯ ಬಾಗಿಲಿಗೆ ಒರಗಿ, ತನ್ನ ಸರದಿ ಬರುವುದನ್ನು ಕಾಯುತ್ತಿದ್ದಳು. ಬಹಳ ಹೊತ್ತು ಕಾಯಬೇಕಾಗುತ್ತಿತ್ತು.